ಪಕ್ಕದ ಮರಕ್ಕೆ ಹೋದ ದಂಡು

ಮಕ್ಕಳೇ, ಕೆಂಜಿಗ ಇರುವೆಯಿಂದ ಒಮ್ಮೆ ಕಚ್ಚಿಸಿಕೊಂಡವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಡಂಚಿನ ಒಂದು ಮಾವಿನ ಮರದಲ್ಲಿ ಈ ಕೆಂಪಿರುವೆಗಳ ದೊಡ್ಡ ಗೂಡಿತ್ತು. ಹಸಿರೆಲೆಗಳ ಅಂಚನ್ನು ಸಾಲಾಗಿ ಕಚ್ಚಿ ಹಿಡಿದು, ತಮ್ಮದೇ ಮರಿಹುಳುಗಳು ಬಾಯಿಂದ ಬಿಡುವ ನೂಲಿನಿಂದ ಹೊಲಿದ ಗೂಡು ಅದು. ಎಲೆ ಒಣಗಿದಂತೆಲ್ಲ ಹೊಸ ಎಲೆ ಸೇರಿಸಿ ಹೊಲಿಯುತ್ತಲೇ ಇರಬೇಕು. ಇಲ್ಲದಿದ್ದರೆ ಒಳಗಿನ ಮೊಟ್ಟೆ ಮರಿಗಳೆಲ್ಲ ಬೀದಿಪಾಲು.

ದಂಡನಾಯಕ ಕಡಿಯಪ್ಪನಿಗೆ ಈ ಹೊಲಿಗೆ ಕೆಲಸ ಕಂಡರಾಗದು. ಎದುರಿನ ಹೊಂಗೆ ಮರದಲ್ಲಿ ಮೇಲ್ಕೊಂಬೆಯ ಕಪ್ಪಿರುವೆಗಳಿಗೂ ಕೆಳಕೊಂಬೆಯ ಕಪ್ಪಿರುವೆಗಳಿಗೂ ಎಲೆಹೇನಿನ ಸಿಹಿ ಹನಿಗಾಗಿ ದಿನಾ ಜಗಳ. ಅದನ್ನು ನೋಡಿ ನೋಡಿ ಅವನ ದವಡೆ ತುರಿಸುತ್ತಿತ್ತು.

"ನಾವು ಹೋಗಿ ಶಾಂತಿ ಮಾಡಿಸಬೇಕು. ಇವತ್ತು ಅವರ ಮರ, ನಾಳೆ ನಮ್ಮ ಮರ!" ಎಂದು ಗುಡುಗಿದ.

ಗೂಡಿನ ಹಿರಿಯ ಹೊಲಿಗೆಯವಳು ಸೂಜವ್ವ ಕೇಳಿದಳು: "ಅವರೇನು ನಿನ್ನ ಕರೆದರೇನಪ್ಪಾ?"

"ಕರೀಲಿಲ್ಲ. ಆದ್ರೆ ಕಂಡ ಮೇಲೆ ಸುಮ್ಮನಿರೋದು ಧರ್ಮವಾ?"

"ನಮ್ಮ ತಟ್ಟೇಲಿ ಹೆಗ್ಗಣ ಬಿದ್ದಿದೆ, ನೀನು ಪಕ್ಕದ ತಟ್ಟೇಲಿ ನೊಣ ಹುಡುಕ್ತೀಯ. ತೆಂಕಣ ಮೂಲೆಯ ಎಲೆ ನೋಡು, ಹಳದಿಯಾಗ್ತಿದೆ."

"ಮೂರೇ ದಿನ ಅವ್ವ. ಹೋದೆ, ಬಂದೆ!"

ಎರಡು ಮರಗಳ ಕೊಂಬೆಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಕೆಂಜಿಗದ ಸೈನಿಕರು ತಮ್ಮ ಪದ್ಧತಿಯಂತೆ ಒಬ್ಬರ ಸೊಂಟವನ್ನೊಬ್ಬರು ಕಚ್ಚಿ ಹಿಡಿದು ಜೋತು, ತಾವೇ ಸೇತುವೆಯಾದರು. ಅವರ ಬೆನ್ನು ತುಳಿದುಕೊಂಡು ದಂಡು ಆಚೆ ದಾಟಿತು. ಕಡಿಯಪ್ಪ ಮೀಸೆ ತಿರುವುತ್ತಾ ಮುಂದೆ ನಡೆದ.

ಕೆಂಪು ದಂಡು ಕಂಡದ್ದೇ ತಡ, ಹೊಂಗೆ ಮರದ ಎರಡೂ ಬಣಗಳು ಜಗಳ ಮರೆತವು. "ಸಿಹಿ ಹನಿ ಆಮೇಲೆ ನೋಡ್ಕೊಳ್ಳೋಣ, ಮೊದಲು ಈ ಕೆಂಪು ಮೂತಿಯವನನ್ನ ವಿಚಾರಿಸೋಣ" ಎಂದು ಒಟ್ಟಾಗಿ ಮೇಲೆ ಬಿದ್ದವು.

ಕಡಿಯಪ್ಪ ಎದೆಯುಬ್ಬಿಸಿ ಮನೆಗೆ ಸುದ್ದಿ ಕಳಿಸಿದ: "ನಾವು ಕಾಲಿಟ್ಟ ದಿನವೇ ಎರಡು ಬಣಗಳೂ ಒಂದಾದವು. ಶಾಂತಿ ಸ್ಥಾಪನೆಯಾಗಿದೆ. ಇನ್ನಷ್ಟು ಸೈನಿಕರನ್ನು ಕೂಡಲೇ ಕಳಿಸಿ."

ಕಳಿಸಿ ಕಳಿಸಿ ಗೂಡಿನ ಸೈನಿಕರೆಲ್ಲ ಮುಗಿದರು. ಸೇತುವೆಯಲ್ಲಿ ಜೋತವರು ಸುಸ್ತಾಗಿ ಒಬ್ಬೊಬ್ಬರೇ ಕೆಳಗೆ ಉದುರತೊಡಗಿದರು. ಅವರ ಜಾಗಕ್ಕೆ ಹೊಲಿಗೆಯವರನ್ನೂ ಎಳೆದೊಯ್ದರು. ಹತ್ತನೆಯ ದಿನವೂ ಕಡಿಯಪ್ಪ "ಇನ್ನು ಮೂರೇ ದಿನ" ಎನ್ನುತ್ತಿದ್ದ. ಗೆಲ್ಲುವುದಿಲ್ಲವೆಂದು ಅವನಿಗೆ ಎಂದೋ ಗೊತ್ತಾಗಿತ್ತು. ಆದರೆ ಬರಿಗೈಲಿ ಹಿಂದಿರುಗಿದರೆ ಮೀಸೆ ಮಣ್ಣಾಗುತ್ತದಲ್ಲ! ಆ ಮೀಸೆಗಾಗಿ ಇನ್ನೂ ನೂರಾರು ಇರುವೆಗಳು ಸತ್ತವು. ಹೇಳಲು ನನಗೇ ಹೊಟ್ಟೆ ಉರಿಯುತ್ತದೆ.

ಕೊನೆಗೆ ಸೇತುವೆಗೂ ಇರುವೆ ಸಾಲದಾದಾಗ ಕಡಿಯಪ್ಪ ಉಳಿದ ಐವತ್ತು ಜನರೊಂದಿಗೆ ಹೊಂಗೆ ಮರ ಇಳಿದು, ನೆಲದ ದಾರಿಯಲ್ಲಿ ಕುಂಟುತ್ತಾ ಮರಳಿದ. ದಾರಿಯುದ್ದಕ್ಕೂ ವಿಜಯದ ಭಾಷಣವನ್ನು ಬಾಯಿಪಾಠ ಮಾಡಿದ.

ಗೂಡು ಬಾಯಿ ಬಿಟ್ಟುಕೊಂಡಿತ್ತು. ಒಣಗಿದ ಎಲೆಗಳು ಮುರುಟಿ ಹೊಲಿಗೆ ಬಿಚ್ಚಿಹೋಗಿತ್ತು. ಮರಕುಟಿಗವೊಂದು ಮರಿಹುಳುಗಳನ್ನೆಲ್ಲ ಹೆಕ್ಕಿ ತಿಂದು ಹೋಗಿತ್ತು. ಸೂಜವ್ವ ಒಬ್ಬಳೇ ಉಳಿದ ಹತ್ತಾರು ಮೊಟ್ಟೆಗಳನ್ನು ಮೈಯಡಿ ಮುಚ್ಚಿಕೊಂಡು ಕುಳಿತಿದ್ದಳು. ಮಳೆ ಹನಿಯತೊಡಗಿತ್ತು.

"ಅವ್ವ, ನಾವು ಗೆದ್ವಿ" ಎಂದ ಕಡಿಯಪ್ಪ ಸಣ್ಣ ದನಿಯಲ್ಲಿ.

"ಹೌದಾ? ಗೆದ್ದಿದ್ದನ್ನ ತಂದಿದ್ರೆ ಈ ಮೊಟ್ಟೆಗಳ ಮೇಲೆ ಹೊದಿಸು. ನೆನೀತಿವೆ."

ಕಡಿಯಪ್ಪ ಎಲೆಯ ಎರಡು ಅಂಚುಗಳನ್ನು ಹತ್ತಿರಕ್ಕೆಳೆದ. ಹೊಲಿಯೋಣವೆಂದರೆ ನೂಲು ಬಿಡಲು ಒಂದು ಮರಿಯೂ ಉಳಿದಿರಲಿಲ್ಲ. ಮೊಟ್ಟೆಗಳು ಒಡೆದು, ಮರಿಗಳು ಬೆಳೆದು ನೂಲು ಬಿಡುವವರೆಗೂ ಆ ಅಂಚುಗಳನ್ನು ಹಲ್ಲು ಕಚ್ಚಿ ಹಿಡಿದೇ ಇರಬೇಕಾಯಿತು. ಭಾಷಣಕ್ಕೆ ಅವನಿಗೆ ಬಾಯಿಯೇ ಬಿಡುವಾಗಲಿಲ್ಲ.

ನೀತಿ: ಕರೆಯದ ಮನೆಗೆ ದಂಡು ಕಟ್ಟಿಕೊಂಡು ಹೋದವನು ಅಲ್ಲಿ ಶತ್ರುಗಳನ್ನು ಒಂದುಗೂಡಿಸುತ್ತಾನೆ, ಇಲ್ಲಿ ತನ್ನ ಮನೆಯನ್ನೇ ಬಿಚ್ಚಿಕೊಳ್ಳುತ್ತಾನೆ.