ಮೂರು ಹಿಡಿ ಮಣ್ಣು

"ಗುರುಗಳೇ, ಕಾಳಗದಲ್ಲಿ ಬಿದ್ದ ನಮ್ಮವರನ್ನು ಹೂತು ಊರ ಮುಂದೆ ಕಲ್ಲು ನಿಲ್ಲಿಸಿದ್ದಾಯಿತು. ಹಗೆಗಳ ಹೆಣ ಇನ್ನೂ ಹೊಳೆಯ ದಂಡೆಯಲ್ಲೇ ಬಿದ್ದಿವೆ. ಅವಕ್ಕೂ ನಾವೇ ಮಣ್ಣು ಕೊಡಬೇಕೇ?" ಎಂದು ಶಿಷ್ಯ ಸಂಗಯ್ಯ ಕೇಳಿದ. ಅವನ ಅಣ್ಣನೂ ಆ ಕಾಳಗದಲ್ಲಿ ಸತ್ತಿದ್ದ. ದೇಹ ಸಿಕ್ಕಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ರೈತನ ಹೊಲದಲ್ಲಿ ಇಬ್ಬರು ಅರಸರು ಕಾದಿದರು. ಗೆದ್ದವನು ನಗಾರಿ ಬಾರಿಸುತ್ತ ಹೋದ. ಸೋತವನು ಜೀವ ಕೈಯಲ್ಲಿ ಹಿಡಿದುಕೊಂಡು ಹೋದ. ಸತ್ತವರ ನೆನಪು ಇಬ್ಬರಿಗೂ ಆಗಲಿಲ್ಲ.

ರೈತನಿಗೆ ಇದ್ದವನು ಒಬ್ಬನೇ ಮಗ. ಗೆದ್ದ ಅರಸನ ದಂಡಿನವರು ಅವನನ್ನು ಬಿತ್ತನೆಯ ನಡುವೆಯೇ ಎಳೆದೊಯ್ದಿದ್ದರು. ಅವನು ಈ ಹೊಲದಲ್ಲೇ ಬಿದ್ದನೆಂದು ಜೊತೆಯವರು ಹೇಳಿದರು. ದಂಡು ಜಾಗ ಬಿಡುವವರೆಗೆ ಊರವರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ರೈತ ಹೋಗಿ ನೋಡುವ ಹೊತ್ತಿಗೆ ಹದ್ದುಗಳು ಮುಖ ಉಳಿಸಿರಲಿಲ್ಲ, ಕಳ್ಳರು ಬಟ್ಟೆ ಉಳಿಸಿರಲಿಲ್ಲ. ಹೆತ್ತವನಿಗೂ ಗುರುತು ಹತ್ತಲಿಲ್ಲ.

ಊರ ಗೌಡ ಉಪಾಯ ಹೇಳಿದ: "ನಮ್ಮ ಹುಡುಗರು ಒಕ್ಕಲು ಮಕ್ಕಳಪ್ಪ. ಅಂಗೈ ನೋಡು. ನೇಗಿಲು ಹಿಡಿದು ಜಡ್ಡುಗಟ್ಟಿದ್ದರೆ ನಮ್ಮವನು, ಹೂಳು. ಮಿಕ್ಕವರನ್ನು ನಾಯಿನರಿಗೆ ಬಿಡು." ಹಗೆಯ ನಾಡಿನಲ್ಲಿ ಯಾರೂ ಉಳುವುದಿಲ್ಲವೆಂದೂ, ಅಲ್ಲಿಯವರು ಕತ್ತಿಯನ್ನೇ ಬೇಯಿಸಿ ಉಣ್ಣುತ್ತಾರೆಂದೂ ಗೌಡ ನಂಬಿದ್ದ. ರೈತನೂ ನಂಬಿದ.

ಗುದ್ದಲಿ ತಂದ. ಮೊದಲನೆಯವನ ಬೆರಳು ಬಿಡಿಸಿ ನೋಡಿದ. ಅಂಗೈ ಜಡ್ಡುಗಟ್ಟಿತ್ತು. ಹೂಳಿದ. ಎರಡನೆಯವನದೂ ಹಾಗೆಯೇ ಇತ್ತು. ಮಗ ಅಪ್ಪನಿಗೆ ಹಾಕಬೇಕಾದ ಮೂರು ಹಿಡಿ ಮಣ್ಣನ್ನು ಅಪ್ಪನೇ ಹಾಕಿದ. ಇವನೇ ನನ್ನವನಿರಬಹುದು ಎಂದು ಒಂದೊಂದು ಗುಂಡಿಯ ಬಳಿಯೂ ಅತ್ತ. ಜೊತೆಗೆ ಬಂದಿದ್ದ ನಾಲ್ವರು ಮೊದಲ ದಿನವೇ ಮೂಗು ಮುಚ್ಚಿಕೊಂಡು ಮನೆ ಸೇರಿದರು. ಅವನು ಪಟ್ಟು ಬಿಡಲಿಲ್ಲ. ಕೈಯಲ್ಲಿ ಬೊಕ್ಕೆಗಳೆದ್ದು ಒಡೆದವು. ಬಟ್ಟೆ ಸುತ್ತಿಕೊಂಡು ಅಗೆದ.

ಹನ್ನೊಂದನೆಯ ದಿನ ಗೌಡ ಬಂದು ನೋಡಿದರೆ ಹೊಲದಲ್ಲಿ ಒಂದು ಹೆಣವೂ ಇರಲಿಲ್ಲ.

"ಹಗೆಗಳನ್ನೂ ಹೂತೆಯೇನೋ?" ಎಂದ.

"ನೀವು ಹೇಳಿದ ಗುರುತನ್ನೇ ನೋಡಿದೆ ಗೌಡರೇ. ಜಡ್ಡಿಲ್ಲದ ಕೈ ಒಂದೂ ಸಿಗಲಿಲ್ಲ. ಯಾರನ್ನು ಬಿಟ್ಟು ಬರಲಿ?"

ಗೌಡ ತನ್ನ ಮೆತ್ತನೆಯ ಅಂಗೈಯನ್ನೊಮ್ಮೆ ನೋಡಿಕೊಂಡ. ಊರ ದಾರಿ ಹಿಡಿದ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಆ ರೈತನಿಗೆ ಮಗ ಸಿಕ್ಕಿದನೇ?" ಎಂದು ಕೇಳಿದ.

ಗುರುಗಳು ಮೂಲೆಯಲ್ಲಿದ್ದ ಗುದ್ದಲಿಯನ್ನು ತಂದು ಅವನ ಕೈಗೆ ಕೊಟ್ಟು ಹೇಳಿದರು: "ಒಬ್ಬನನ್ನು ಬಿಟ್ಟು ಬಂದಿದ್ದರೂ ಸಿಗುತ್ತಿರಲಿಲ್ಲ."