ಎಂದೂ ಬೀಳದ ಎಕ್ಸ್‌ಚೇಂಜು

ಒಂದು ಆಸ್ಪತ್ರೆಯ ಕಂಪ್ಯೂಟರಿನೊಳಗೆ ಫೋನ್ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜು ಇತ್ತು. ಅದು ಕುಸಿದಾಗಲೆಲ್ಲ ಎಬ್ಬಿಸಿ ನಿಲ್ಲಿಸಲು ಅದೇ ಕಂಪ್ಯೂಟರಿನೊಳಗೆ ಒಬ್ಬ ಕಾವಲುಗಾರನಿದ್ದ.

"ಹುಟ್ಟಿದಾಗಿನಿಂದ ನಾನು ಒಮ್ಮೆಯೂ ಬಿದ್ದಿಲ್ಲ. ನಿಮ್ಮಿಂದ ನನಗೇನು ಪ್ರಯೋಜನ? ಹೊರಡಿ," ಎಂದಿತು ಎಕ್ಸ್‌ಚೇಂಜು.

"ತಾವು ಹುಟ್ಟಿದ್ದು ಯಾವಾಗ?"

"ಹತ್ತು ನಿಮಿಷವಾಯಿತು."

"ಬೆಳಗಿನಿಂದ ಇದು ತಮ್ಮ ಏಳನೆಯ ಜನ್ಮ," ಎಂದ ಕಾವಲುಗಾರ. ಎಕ್ಸ್‌ಚೇಂಜು ನಂಬಲಿಲ್ಲ. ಅವನು ಮುಖ ಸಪ್ಪಗೆ ಮಾಡಿಕೊಂಡು ಪಕ್ಕಕ್ಕೆ ಸರಿದ.

ಮಧ್ಯಾಹ್ನ ಒಮ್ಮೆಲೇ ನೂರು ಕರೆಗಳು ಬಂದು ಎಕ್ಸ್‌ಚೇಂಜು ದೊಪ್ಪನೆ ಬಿತ್ತು. ಫೋನು ಸತ್ತದ್ದರಿಂದ ನರ್ಸ್ ಫಿಲೋಮಿನಾ ಆಂಬುಲೆನ್ಸಿಗಾಗಿ ಬೀದಿಗೆ ಓಡಿ ಕೂಗತೊಡಗಿದರು. ಕಾವಲುಗಾರನಿಗೆ ಮನಸ್ಸು ತಡೆಯಲಿಲ್ಲ. ಎಕ್ಸ್‌ಚೇಂಜನ್ನು ಎತ್ತಿ ನಿಲ್ಲಿಸಿದ.

ಅದು ಕಣ್ಣುಬಿಟ್ಟು, "ನಿಮ್ಮನ್ನು ನೋಡಿದ ನೆನಪಿಲ್ಲ. ಹೊಸದಾಗಿ ಸೇರಿದಿರಾ?" ಎಂದು ಕೇಳಿತು.

"ಹೌದು ಸ್ವಾಮಿ," ಎಂದ ಕಾವಲುಗಾರ, "ಮೊದಲು ಆಂಬುಲೆನ್ಸಿಗೆ ಕರೆ ಜೋಡಿಸಿ."