ಗಾಳಿಗೆ ಹೋಗಿಬರುವ ಎಣ್ಣೆ

ರೇಸಿನ ಕಾರೊಂದರ ಎಂಜಿನ್ನಿಗೆ ತನ್ನ ಎಣ್ಣೆಯ ಮೇಲೆ ಗುಮಾನಿ. ತಾನು ಕೆಂಡದಂತೆ ಕಾದಾಗಲೇ ಈ ಎಣ್ಣೆ ಕಾರಿನ ಮೂತಿಯಲ್ಲಿರುವ ಕೂಲರಿಗೆ ಹೋಗಿ, ಗಾಳಿಗೆ ಮೈಯೊಡ್ಡಿ, ತಣ್ಣಗಾಗಿ ಬರುತ್ತದಲ್ಲ?

“ಕಷ್ಟಕಾಲದಲ್ಲೇ ಕೈಕೊಡುತ್ತೀಯ,” ಎಂದಿತು ಎಂಜಿನ್.

“ನಿಮ್ಮ ಬಿಸಿಯನ್ನೇ ಹೊತ್ತೊಯ್ದು ಅಲ್ಲಿ ಇಳಿಸಿ ಬರುತ್ತೇನೆ, ಸ್ವಾಮಿ,” ಎಂದಿತು ಎಣ್ಣೆ.

“ಕಳ್ಳನಿಗೊಂದು ಪಿಳ್ಳೆ ನೆವ.”

ಕೂಲರಿನ ದಾರಿ ಕಾಯುವ ಕವಾಟವನ್ನು ಕರೆದು, ಇನ್ನು ಬಾಗಿಲು ತೆರೆಯಕೂಡದೆಂದು ಎಂಜಿನ್ ಅಪ್ಪಣೆ ಮಾಡಿತು.

ಮರುದಿನದ ಓಟದಲ್ಲಿ ಎಣ್ಣೆ ಆಚೆ ಹೋಗಲೇ ಇಲ್ಲ. ಕಾದು ಕಾದು ನೀರಿನಂತೆ ತೆಳ್ಳಗಾಯಿತು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕತೊಡಗಿತು. ಎಂಜಿನ್ನಿಗೆ ಅದರಲ್ಲೂ ಪಿತೂರಿಯೇ ಕಂಡಿತು.

“ಈಗೇಕೆ ನನ್ನನ್ನು ಕಾಪಾಡುತ್ತಿಲ್ಲ?” ಎಂದು ನರಳಿತು.

“ಪಕ್ಕದಲ್ಲೇ ಇದ್ದೇನೆ, ಸ್ವಾಮಿ,” ಎಂದಿತು ಎಣ್ಣೆ. “ನೀವು ಕೇಳಿದ್ದು ಅಷ್ಟೇ ಅಲ್ಲವೆ?”